ಅವ್ವ ಮೊದಲು ಬಿದ್ದದ್ದು ನಮ್ಮ ಮನೆಯಲ್ಲಿ

ಅತ್ತಿಗೆ, ಅವ್ವ ಮೊದಲ ಸಲ ಬಿದ್ದದ್ದು ಕಂಪ್ಲಿಯ ನಿಮ್ಮ ಬಚ್ಚಲಮನೆಯ ಬಾಗಿಲಲ್ಲಿ ಅಲ್ಲ. ಅದಕ್ಕೂ ಎಷ್ಟೋ ತಿಂಗಳು ಮೊದಲೇ ಹೊಸಪೇಟೆಯ ನಮ್ಮ ಮನೆಯಲ್ಲಿ ಬಿದ್ದಿದ್ದಳು. ನನ್ನ ಕಣ್ಣೆದುರೇ ಬಿದ್ದಿದ್ದಳು. ನೋಡಿದೆ, ಎತ್ತಿ ಕೂಡಿಸಿದೆ, ಆಮೇಲೆ ಮುಚ್ಚಿಟ್ಟೆ. ಇಷ್ಟು ವರ್ಷ ನೀವು ಹೊತ್ತ ಮಾತು ನಾನು ಹೊರಬೇಕಾಗಿದ್ದದ್ದು — ಇದನ್ನು ಮೊದಲೇ ಬರೆದುಬಿಡುತ್ತೇನೆ. ಸುತ್ತಿ ಬಳಸಿ ಹೇಳಲು ಹೋದರೆ ಮತ್ತೆ ಎಲ್ಲಾದರೂ ನುಣುಚಿಕೊಳ್ಳುತ್ತೇನೆ. ನನ್ನನ್ನು ನಾನು ಬಲ್ಲೆ.

ಆ ದಿನಗಳನ್ನು ನೆನೆದರೆ ಮೊದಲು ಕಣ್ಣಿಗೆ ಬರುವುದು ಕೆಂಪು ಧೂಳು. ಸಂಡೂರಿನ ಗುಡ್ಡಗಳಿಂದ ಅದಿರು ತುಂಬಿದ ಲಾರಿಗಳು ನಮ್ಮ ಓಣಿಯ ಮುಂದೆಯೇ ಹಾದುಹೋಗುತ್ತಿದ್ದವು. ಬೆಳಿಗ್ಗೆ ಒರೆಸಿದ ನೆಲ ಮಧ್ಯಾಹ್ನಕ್ಕೆ ಕೆಂಪಾಗುತ್ತಿತ್ತು. ನಮ್ಮ ನಂದಿನಿ ಆಗ ಅಂಬೆಗಾಲಿಡುವ ಕೂಸು. ಅದಕ್ಕಾಗಿ ಒರೆಸಿದ್ದೇ ಒರೆಸಿದ್ದು. ನಾನು ಗಣಿಯೊಂದರ ಸೇಫ್ಟಿ ವಿಭಾಗದಲ್ಲಿದ್ದೆ. ಸುಮಾ ಗಣಿಯ ಕಡೆಯ ಶಾಲೆಯಲ್ಲಿ ಟೀಚರು. ಬೆಳಿಗ್ಗೆ ಇಬ್ಬರೂ ಬಸ್ಸು ಹತ್ತಿದರೆ ಮನೆ ಮುಟ್ಟುವುದು ಸಂಜೆಗೆ. ಅಲ್ಲಿಯವರೆಗೆ ಕೂಸು ಅವ್ವನ ಸೊಂಟದ ಮೇಲೆ. ನಿಮ್ಮ ಸಂಸಾರದ ಬಂಡಿಗೆ ಒಂದೇ ಎತ್ತು, ಅದೂ ಮುದಿ ಎತ್ತು ಎಂದು ನೀವೇ ಒಮ್ಮೆ ಚೇಷ್ಟೆ ಮಾಡಿದ್ದಿರಿ. ಚೇಷ್ಟೆಯಲ್ಲಿ ಸುಳ್ಳೇನೂ ಇರಲಿಲ್ಲ.

ಅದೊಂದು ಭಾನುವಾರ. ಸುಮಾ ಸಂತೆಗೆ ಹೋಗಿದ್ದಳು. ನಡುಮನೆಯ ನೆಲ ಒರೆಸಿದವನು ನಾನೇ, ಪಸೆ ಇನ್ನೂ ಆರಿರಲಿಲ್ಲ. ಅಡುಗೆಮನೆಯಲ್ಲಿ ಹಾಲು ಉಕ್ಕುವ ವಾಸನೆ ಬಂತು. ಅವ್ವ ಕೂಸನ್ನು ಎತ್ತಿಕೊಂಡೇ ಎದ್ದಳು. ನಡುವೆ ಆ ಹೊಸ್ತಿಲು — ನೀವು ನೋಡಿದ್ದೀರಿ, ಗೇಣೆತ್ತರದ ಹಳೆಯ ತೇಗದ ಹೊಸ್ತಿಲು. ಅವ್ವ ಅದನ್ನು ಒಂದು ದಿನವೂ ತುಳಿದವಳಲ್ಲ. ಲಕ್ಷ್ಮಿ ಕೂತಿರುತ್ತಾಳೆ, ದಾಟಬೇಕು, ತುಳಿಯಬಾರದು. ಎಡಮೊಣಕಾಲು ಸರಿಯಾಗಿ ಮಡಚಲಾರದಂತಾದ ಮೇಲೂ ದಾಟುತ್ತಲೇ ಇದ್ದಳು. ಒಂದು ಕೈಯಿಂದ ಚೌಕಟ್ಟು ಹಿಡಿದು, ಇನ್ನೊಂದರಿಂದ ಸೀರೆಯ ನಿರಿಗೆ ಎತ್ತಿ, ಕಾಲನ್ನು ಎಳೆದು ಆಚೆ ಇಡುತ್ತಿದ್ದಳು. ಕಣ್ಣಿಗೆ ಪೊರೆ ಬೇರೆ ಬಂದಿತ್ತು. ಇದೆಲ್ಲವನ್ನೂ ದಿನಾ ನೋಡುತ್ತಿದ್ದೆ. ನೋಡುವುದೇ ನನ್ನ ಉದ್ಯೋಗವಾಗಿತ್ತಲ್ಲ.

ಆ ದಿನ ಅವಳ ಎರಡೂ ಕೈಯಲ್ಲಿ ಕೂಸು.

ಎಡಗಾಲಿನ ಬೆರಳು ಹೊಸ್ತಿಲಿಗೆ ತಗುಲಿತು. ಬಲಗಾಲು ನಾನು ಒರೆಸಿದ ಹಸಿ ನೆಲದ ಮೇಲಿತ್ತು, ಜಾರಿತು. ನಾನು ಬಕೆಟ್ಟು ಹಿಡಿದು ಅಲ್ಲೇ ನಿಂತಿದ್ದೆ. ಅವಳು ಮುಂದಕ್ಕೆ ಬೀಳಬೇಕಿತ್ತು, ಕೂಸು ಅಡಿಯಾಗಬೇಕಿತ್ತು. ಹಾಗಾಗಲಿಲ್ಲ. ಬೀಳುತ್ತ ಬೀಳುತ್ತಲೇ ಮೈ ತಿರುಗಿಸಿದಳು — ಆ ವಯಸ್ಸಿನಲ್ಲಿ, ಆ ಮೊಣಕಾಲನ್ನಿಟ್ಟುಕೊಂಡು ಹೇಗೆ ತಿರುಗಿಸಿದಳೋ, ನನಗೆ ಇವತ್ತಿಗೂ — ಬೆನ್ನು ಚೌಕಟ್ಟಿಗೆ ಬಡಿಯಿತು, ಮೊಣಕೈ ನೆಲಕ್ಕೆ ಊರಿತು, ಹಾಗೇ ಕುಸಿದಳು. ನಂದಿನಿ ಅವಳ ಎದೆಯ ಮೇಲೆ. ಆಟವೆನಿಸಿತೋ ಏನೋ, ನಕ್ಕಿತು. ಒಳಗೆ ಹಾಲು ಉಕ್ಕಿ ಒಲೆ ಆರಿತು.

ಈಗಲೂ ಅದು ಬರುತ್ತದೆ. ಬಸ್ಸಿನಲ್ಲಿ ಕೂತಾಗ, ಊಟದ ನಡುವೆ. ಕೆಲವು ಸಲ ಅವ್ವ ಮೈ ತಿರುಗಿಸುವುದೇ ಇಲ್ಲ. ಕೆಲವು ಸಲ ನಾನು ಬಕೆಟ್ಟು ಎಸೆದು ಓಡುತ್ತೇನೆ, ಆದರೆ ಮುಟ್ಟುವುದಿಲ್ಲ. ನಂದಿನಿ ಈಗ ಕಾಲೇಜು ಮುಗಿಸಿದ್ದಾಳೆ. ಅವಳ ತಲೆ ಯಾರ ಮೊಣಕೈಯಿಂದ ಉಳಿಯಿತೆಂದು ಅವಳಿಗೆ ಗೊತ್ತಿಲ್ಲ.

ಎತ್ತಿ ಕೂಡಿಸಿದಾಗ ಅವ್ವ ತನ್ನ ಕೈಕಾಲು ನೋಡಿಕೊಳ್ಳಲಿಲ್ಲ. ಕೂಸಿನ ತಲೆ, ಬೆನ್ನು, ಬೆರಳು ಎಲ್ಲ ಮುಟ್ಟಿ ನೋಡಿದಳು. ಆಮೇಲೆ ನನ್ನ ಕೈ ಹಿಡಿದಳು.

"ತಮ್ಮಾ, ಸುಮಾಗ ಹೇಳಬ್ಯಾಡಪ್ಪ. ಹೇಳಿದ್ರ ಕೂಸಿನ್ನ ನನ್ನ ಕೈಯಾಗ ಕೊಡಂಗಿಲ್ಲ ಅಕಿ."

ಆಯ್ತವ್ವ ಎಂದೆ. ತಾಯಿಯ ಮಾತಿಗೆ ಒಪ್ಪಿದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದು ಪೂರ್ತಿ ನಿಜವಲ್ಲ. ಅವಳನ್ನು ಕಂಪ್ಲಿಗೆ ಕಳಿಸಿ ಎಂದು ನೀವೂ ಅಣ್ಣನೂ ಎಷ್ಟು ಸಲ ಕೇಳಿದ್ದಿರಿ. ಬಿದ್ದಳೆಂದು ಗೊತ್ತಾಗಿದ್ದರೆ ಅಣ್ಣ ಮರುದಿನವೇ ಗಾಡಿ ಮಾಡಿಕೊಂಡು ಬಂದು ಕರೆದೊಯ್ಯುತ್ತಿದ್ದ. ಕೂಸನ್ನು ನೋಡುವವರು ಯಾರು? ಸುಮಾ ಕೆಲಸ ಬಿಡಬೇಕಾಗುತ್ತಿತ್ತು. ಅವ್ವ ಹೆದರಿ ಮುಚ್ಚಿಟ್ಟಳು, ನಾನು ಅನುಕೂಲಕ್ಕೆ ಮುಚ್ಚಿಟ್ಟೆ. ಸಂಜೆ ಸುಮಾ ಅವ್ವನ ಮೊಣಕೈ ಕಂದಿದ್ದನ್ನು ನೋಡಿ ಏನಾಯಿತೆಂದು ಕೇಳಿದಾಗ, ಕಪಾಟಿಗೆ ಬಡಿದುಕೊಂಡಳು ಎಂದವನು ನಾನು. ಅವ್ವ ಅಲ್ಲ.

ಗಣಿಯಲ್ಲಿ ನನ್ನ ಕೆಲಸ ಏನು ಗೊತ್ತೇ? ಏಟಾಗದೆ ತಪ್ಪಿಹೋದದ್ದನ್ನು ಹುಡುಕುವುದು. ಅದಿರು ಸಾಗಿಸುವ ಡಂಪರು ಗುಂಡಿಯ ಅಂಚಿಗೆ ಬಂದು ನಿಂತದ್ದು, ಕಲ್ಲು ಉರುಳಿ ಪಕ್ಕಕ್ಕೆ ಬಿದ್ದದ್ದು — ಇವನ್ನು ನಿಯರ್ ಮಿಸ್ ಎನ್ನುತ್ತಾರೆ. ಇವತ್ತು ತಪ್ಪಿದ್ದು ನಾಳೆ ತಪ್ಪಲಾರದು, ಆದ್ದರಿಂದ ಮುಚ್ಚಿಡದೆ ಹೇಳಿ ಎಂದು ಕೆಲಸಗಾರರಿಗೆ ದಿನಾ ಬೋಧಿಸುತ್ತಿದ್ದೆ. ಆ ಭಾನುವಾರದ ಮರುದಿನವೂ ಬೋಧಿಸಿದೆ. ಡಂಪರ್ ಓಡಿಸುವ ವಡ್ಡು ಊರಿನವನೊಬ್ಬ ಎದ್ದು ನಿಂತು, "ಹೇಳಿದ್ರ ಮೆಮೋ ಕೊಡ್ತೀರಿ, ಸುಮ್ನಿದ್ರ ಚಾ ಕೊಡ್ತೀರಿ. ನೀವಾಗಿದ್ರ ಏನ್ ಮಾಡ್ತಿದ್ರಿ ಸಾರ್?" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಹೇಳುವ ಅವಕಾಶ ಮನೆಬಾಗಿಲಿಗೇ ಬಂದಿತ್ತು. ಒಂದೆರಡು ತಿಂಗಳಾದ ಮೇಲೆ ಯಾವುದೋ ವೈದ್ಯಕೀಯ ಕಾಲೇಜಿನಿಂದ ಒಬ್ಬ ಹುಡುಗಿ ನಮ್ಮ ಓಣಿಗೆ ಬಂದಳು. ಓದುತ್ತಿರುವ ಡಾಕ್ಟರು. ವಯಸ್ಸಾದವರು ಮನೆಯೊಳಗೇ ಯಾಕೆ ಬೀಳುತ್ತಾರೆ, ಅದನ್ನು ತಡೆಯುವುದು ಹೇಗೆ ಎಂದು ಸಂಶೋಧನೆ ಮಾಡುತ್ತಿದ್ದಳು. ಅವ್ವ ಅವಳನ್ನು ಕೂಡಿಸಿ ಮಂಡಕ್ಕಿ ಒಗ್ಗರಣಿ ಕೊಟ್ಟಳು. ಸುಮಾ ಅಲ್ಲೇ ಒಳಗೆ ಇದ್ದಳು. ಹುಡುಗಿ ಕೇಳಿದ ಮೊದಲ ಪ್ರಶ್ನೆಯೇ ಅದು — ಅಜ್ಜಿ, ಈ ಒಂದು ವರ್ಷದಲ್ಲಿ ಮನೆಯಲ್ಲಿ ಎಲ್ಲಾದರೂ ಬಿದ್ದಿದ್ದೀರಾ?

ಅವ್ವ ನನ್ನ ಮುಖ ನೋಡಿದಳು. "ನಾ ಯಾಕ ಬೀಳ್ಲವ್ವ? ಗಟ್ಟಿ ಅದೀನಿ."

ಹುಡುಗಿ ನನ್ನ ಕಡೆ ತಿರುಗಿದಳು. ಹಿರಿಯರು ಹೆದರಿ ಹೇಳುವುದಿಲ್ಲ, ಅದಕ್ಕೇ ಮನೆಯವರನ್ನೂ ಕೇಳುತ್ತೇವೆ, ಒಮ್ಮೆ ಬಿದ್ದವರು ಮತ್ತೆ ಬೀಳುವುದೇ ಹೆಚ್ಚು ಎಂದಳು. ನಾನು ಬಿ.ಎಸ್ಸಿ. ಓದಿದವನು. ಅವಳ ಮಾತಿನ ಅರ್ಥ ನನಗಿಂತ ಚೆನ್ನಾಗಿ ಆ ಓಣಿಯಲ್ಲಿ ಯಾರಿಗೆ ತಿಳಿಯುತ್ತಿತ್ತು? ಇಲ್ಲ ಎಂದೆ.

ಹೌದೆಂದ ಮನೆಗಳಿಗೆ ಆ ಹುಡುಗಿಯ ಕಾಲೇಜಿನವರು ಮತ್ತೆ ಬಂದರು. ಪಕ್ಕದ ಮನೆಯ ಅಜ್ಜನ ಕಣ್ಣು ನೋಡಿದರು, ನುಂಗುವ ಗುಳಿಗೆಗಳನ್ನು ನೋಡಿದರು, ಗೋಡೆಗೆ ಹಿಡಿಕೆ ಹಾಕಿಸಲು ಹೇಳಿದರು. ಕಾಲಿಗೆ ಬಲ ಬರಲಿ ಎಂದು ಕುರ್ಚಿ ಹಿಡಿದು ಕೂತು ಏಳುವುದನ್ನು ಕಲಿಸಿದರು. ಅವ್ವ ಕಟ್ಟೆಯ ಮೇಲೆ ಕೂತು ನೋಡಿ, ಇದೇನು ಸಾಲಿ ಹುಡುಗರ ಡ್ರಿಲ್ಲು ಎಂದು ನಕ್ಕಳು. ಆದರೆ ಒಂದು ಸಂಜೆ ನಾನು ಬೇಗ ಬಂದೆ. ಅಡುಗೆಮನೆಯಲ್ಲಿ ಅವಳೊಬ್ಬಳೇ ಕಟ್ಟೆಯ ಅಂಚು ಹಿಡಿದು ಮೆಲ್ಲಗೆ ಕೂರುತ್ತಿದ್ದಳು, ಏಳುತ್ತಿದ್ದಳು. ನೋಡಿದ್ದನ್ನು ನೆನಪಿಟ್ಟುಕೊಂಡು — ಸರಿಯೋ ತಪ್ಪೋ ಹೇಳುವವರಿಲ್ಲದೆ. ನನ್ನನ್ನು ಕಂಡು ಏನೋ ಹುಡುಕುವವಳಂತೆ ಮಾಡಿದಳು. ನಾನೂ ನೋಡದವನಂತೆ ಮಾಡಿದೆ.

ಆ ಹುಡುಗಿಯ ಸಂಶೋಧನೆಯಲ್ಲಿ ಅವ್ವ ಇವತ್ತಿಗೂ ಬೀಳದವರ ಸಾಲಿನಲ್ಲೇ ಇದ್ದಾಳೆ.

ಆಮೇಲಿನದು ನಿಮಗೇ ಗೊತ್ತು. ಗೌರಿ ಹುಣ್ಣಿಮೆಗೆ ಅವ್ವ ಕಂಪ್ಲಿಗೆ ಬಂದಳು. ಮೊಮ್ಮಕ್ಕಳ ಕೈಯಿಂದ ಗೌರಿಗೆ ಸಕ್ಕರೆ ಗೊಂಬೆಗಳ ಆರತಿ ಮಾಡಿಸಬೇಕೆಂದು ಒಂದು ವಾರ ಮೊದಲೇ ಹೊರಟಳು. ಹಬ್ಬದ ಬೆಳಿಗ್ಗೆ ಮಕ್ಕಳಿಗೆ ಎರೆದು ನೀವು ಬಚ್ಚಲು ತೊಳೆದಿದ್ದಿರಿ. ಅವ್ವ ಸ್ನಾನ ಮುಗಿಸಿ, ಒದ್ದೆ ಕಾಲಲ್ಲಿ ದೇವರ ಜಗಲಿಯ ಪೂಜೆಗೆ ಹೊರಟು, ಬಚ್ಚಲ ಬಾಗಿಲಲ್ಲಿ ಬಿದ್ದಳು. ಸೊಂಟದ ಮೂಳೆ ಮುರಿಯಿತು. ಓಡಿ ಬಂದವರೆಲ್ಲ ಕಂಡದ್ದು ನೆಲದ ಮೇಲಿನ ನೀರನ್ನು. ಅಲ್ಲೂ ಒಂದು ಕಲ್ಲಿನ ಹೊಸ್ತಿಲಿತ್ತು, ಅದನ್ನು ಯಾರೂ ನೋಡಲಿಲ್ಲ. ಅವಳ ಎಡಗಾಲಿನ ಹೆಬ್ಬೆರಳಿನ ಉಗುರು ಕಿತ್ತುಹೋಗಿತ್ತು. ಆಸ್ಪತ್ರೆಗೆ ಬಂದಾಗ ಅದನ್ನು ನಾನೊಬ್ಬನೇ ನೋಡಿದೆ. ಏನಾಗಿರಬಹುದೆಂದು ನೋಡಿದ ಕ್ಷಣವೇ ತಿಳಿಯಿತು.

ಆಸ್ಪತ್ರೆಯಲ್ಲಿ ಡಾಕ್ಟರು ಬಂದಾಗ ನಾವೆಲ್ಲ ಇದ್ದೆವು — ಅಣ್ಣ, ನೀವು, ಸುಮಾ, ಚಿಕ್ಕವ್ವ. ಈ ಮೊದಲು ಬಿದ್ದಿದ್ದರಾ ಎಂದು ಡಾಕ್ಟರು ಕೇಳಿದರು. ಅವ್ವನಿಗೆ ಮಂಪರು. ಎಲ್ಲರೂ ನನ್ನತ್ತ ತಿರುಗಿದರು. ಅವಳು ಇದ್ದದ್ದು ನನ್ನ ಮನೆಯಲ್ಲಲ್ಲವೇ?

"ಇಲ್ಲ. ನಮ್ಮನ್ಯಾಗ ಒಂದಿನಾನೂ ಬಿದ್ದಿಲ್ಲ."

ಡಾಕ್ಟರು ಕೇಳಿದ್ದಕ್ಕೆ ಮೊದಲಿನ ಒಂದು ಪದ ಸಾಕಾಗಿತ್ತು. ಉಳಿದದ್ದು ಯಾಕೆ ಬಾಯಿಗೆ ಬಂತು — ಎಷ್ಟೋ ಸಲ ಯೋಚಿಸಿದ್ದೇನೆ. ಸುಮಾ ಅಲ್ಲಿದ್ದಳು. ಮೊದಲಿನ ಸುಳ್ಳುಗಳಿಗೆ ಇನ್ನೊಂದು ಊರುಗೋಲಾಗಬೇಕಿತ್ತು. ಆ ಗಳಿಗೆಯಲ್ಲಿ ನಿಮ್ಮ ನೆನಪೇ ನನಗೆ ಬರಲಿಲ್ಲ, ಅತ್ತಿಗೆ. ಚಿಕ್ಕವ್ವ ನಿಮ್ಮ ಕಡೆ ನೋಡಿದಾಗ ಬಂತು. ಅವಳು ದನಿ ಏರಿಸಲಿಲ್ಲ. "ಗಟ್ಟಿ ಹೆಣಮಗಳನ್ನ ಕಳಿಸಿಕೊಟ್ಟಿದ್ವಿ, ಶಾರದಾ" ಎಂದಳು, ಅಷ್ಟೇ. ಅಣ್ಣ ತಲೆ ತಗ್ಗಿಸಿದ. ನೀವು ಸೆರಗಿನ ತುದಿಯನ್ನು ಬಾಯಿಗೆ ಒತ್ತಿ ಹೊರಗೆ ಹೋದಿರಿ. ನಾನು ಹಿಂದೆ ಬರಲಿಲ್ಲ.

ಮುಂದೆ ಯಾವ ಮದುವೆಗೆ ಹೋದರೂ ಆ ಮಾತು ನಿಮಗಿಂತ ಮೊದಲೇ ಹೋಗಿ ಕೂತಿರುತ್ತಿತ್ತು. ಬಚ್ಚಲು ಒಣಗಿಸಿ ಬಂದೀಯೇನ ಶಾರದಾ ಎಂದು ಚಿಕ್ಕವ್ವ ನಗುತ್ತಲೇ ಕೇಳುತ್ತಿದ್ದಳು. ನೀವು ನಗುತ್ತಲೇ ಹೌದೆನ್ನುತ್ತಿದ್ದಿರಿ. ಬರಬರುತ್ತ ಬರುವುದನ್ನೇ ಬಿಟ್ಟಿರಿ.

ಆದರೆ ಅವ್ವ ನಮ್ಮ ಮನೆಯಲ್ಲಿ ಮಲಗಿದ್ದಷ್ಟು ಕಾಲವೂ ವಾರವಾರ ಕಂಪ್ಲಿಯಿಂದ ಬಸ್ಸಿನಲ್ಲಿ ಬಂದಿರಿ. ಅವಳ ಬೆನ್ನು ಒರೆಸಿದಿರಿ, ಮಗ್ಗುಲು ಹೊರಳಿಸಿದಿರಿ, ತಲೆ ಬಾಚಿದಿರಿ. ಅವ್ವ ನಿಮ್ಮ ಕೈ ಹಿಡಿದು, "ನಿಂದೇನಿಲ್ಲವ್ವ, ನನ್ನ ಕಾಲಿಂದು" ಎನ್ನುತ್ತಿದ್ದಳು. ಮುದುಕಿಯ ಮನಸ್ಸು ದೊಡ್ಡದು ಎಂದು ಎಲ್ಲರೂ ಹೊಗಳಿದರು. ಅವಳು ಇದ್ದದ್ದನ್ನು ಇದ್ದಂತೆ ಹೇಳುತ್ತಿದ್ದಾಳೆಂದು ನನಗೊಬ್ಬನಿಗೇ ಗೊತ್ತಿತ್ತು. ನೀವು ಬಸ್ಸಿಗೆ ಹೊರಟ ಒಂದು ಮಧ್ಯಾಹ್ನ ಅವಳು ನನ್ನನ್ನು ಹತ್ತಿರ ಕರೆದಳು.

"ತಮ್ಮಾ, ನಾ ಹೇಳ್ಲೋ, ನೀ ಹೇಳ್ತೀಯೋ?"

ನಾನು ಹೊದಿಕೆ ಸರಿಪಡಿಸಿದೆ. "ಈಗ್ಯಾಕವ್ವ ಅದೆಲ್ಲ. ಸುಮ್ಕಿರು" ಎಂದೆ.

ಅವಳು ಸುಮ್ಮನಾದಳು. ನನ್ನ ಸಂಸಾರಕ್ಕಾಗಿ ಸುಮ್ಮನಾದಳೋ, ನನ್ನಲ್ಲಿ ನಂಬಿಕೆ ಕಳೆದುಕೊಂಡು ಸುಮ್ಮನಾದಳೋ — ಕೇಳುವ ಧೈರ್ಯ ನನಗಿರಲಿಲ್ಲ. ಮರುವರ್ಷದ ಹುಣ್ಣಿಮೆಗೆ ಅವಳಿರಲಿಲ್ಲ. ಮೊದಲ ಸಲ ಬಿದ್ದಾಗಲೇ ಹೇಳಿದ್ದರೆ ಅವಳು ಉಳಿಯುತ್ತಿದ್ದಳೇ? ಗೊತ್ತಿಲ್ಲ. ಪೊರೆ ತೆಗೆಸಬಹುದಿತ್ತು, ಕಾಲಿಗೆ ಬಲ ಬರಬಹುದಿತ್ತು, ಎರಡೂ ಮನೆಯ ಹೊಸ್ತಿಲ ಪಕ್ಕ ಹಿಡಿಕೆ ಇರಬಹುದಿತ್ತು. ಆದರೂ ಬೀಳಬಹುದಿತ್ತು. ಆದರೆ ಆಗ ಅದು ಯಾರೊಬ್ಬರ ತಪ್ಪೂ ಆಗುತ್ತಿರಲಿಲ್ಲ.

ಇಷ್ಟು ವರ್ಷವಾದ ಮೇಲೆ ಈಗ ಯಾಕೆ ಎಂದು ನೀವು ಕೇಳಬಹುದು. ಹೋದ ತಿಂಗಳು ಅಣ್ಣನನ್ನು ನೋಡಲು ಬಂದಿದ್ದೆನಲ್ಲ. ನೀವು ಬಚ್ಚಲು ತೊಳೆದಿರಿ. ಆಮೇಲೆ ಮೊಣಕಾಲೂರಿ ಕೂತು, ಒಣಬಟ್ಟೆಯಿಂದ ನೆಲವನ್ನು ಮೂಲೆಮೂಲೆಯೂ ಬಿಡದೆ ಒರೆಸಿದಿರಿ. ಅಂಗೈ ಇಟ್ಟು ಪಸೆ ಇದೆಯೇ ಎಂದು ನೋಡಿದಿರಿ. ಇದೆಲ್ಲ ಯಾಕೆ ಅತ್ತಿಗೆ ಎಂದು ಕೇಳಿದ್ದಕ್ಕೆ, ನನ್ನ ಕಡೆ ನೋಡದೆಯೇ, "ರೂಢಿ ಆಗೇತಿ ಬಿಡ್ರಿ" ಎಂದಿರಿ. ಏಳುವಾಗ ಮೊಣಕಾಲಿನ ಮೇಲೆ ಕೈ ಊರಿದಿರಿ, ಚೌಕಟ್ಟು ಹಿಡಿದಿರಿ. ಹೊಸ್ತಿಲು ತುಳಿಯಲಿಲ್ಲ, ಕಾಲೆಳೆದು ದಾಟಿದಿರಿ. ಅವ್ವ ದಾಟುತ್ತಿದ್ದ ಹಾಗೆಯೇ.

ನೀವು ಎಂದಾದರೂ ಬಿದ್ದಿದ್ದೀರಾ ಎಂದು ಕೇಳಬೇಕೆನಿಸಿತು. ಬಿದ್ದಿದ್ದರೂ ನೀವು ಹೇಳುತ್ತಿರಲಿಲ್ಲ. ಬಿದ್ದದ್ದು ಗೊತ್ತಾದರೆ ಏನಾಗುತ್ತದೆಂದು ನಮ್ಮ ಮನೆ ನಿಮಗೆ ಕಲಿಸಿಟ್ಟಿದೆ. ಚಹಾ ಕುಡಿದು ಬಸ್ಸು ಹತ್ತಿದೆ.

ಸುಮಾಗೆ ನಿನ್ನೆ ಹೇಳಿದೆ. ಅವಳು ಕೇಳಿದ್ದು ಇಷ್ಟೇ — ಶಾರದಕ್ಕನಿಗೆ ಹೇಳಿದ್ದೀರಾ?

ಅವ್ವನ ಪುಣ್ಯಸ್ಮರಣೆಗೆ ಎಲ್ಲರೂ ಕಂಪ್ಲಿಗೆ ಬರುತ್ತಾರೆ. ಚಿಕ್ಕವ್ವನೂ ಬರುತ್ತಾಳೆ. ಅದಕ್ಕೆ ಮೊದಲು ಈ ಕಾಗದ ನಿಮ್ಮ ಕೈ ಸೇರಲಿ, ಅಣ್ಣನಿಗೆ ನೀವೇ ಓದಿ ಹೇಳಿ. ನೀವು ಕ್ಷಮಿಸಬೇಕೆಂದು ಬರೆಯುತ್ತಿಲ್ಲ. ನನಗೆ ಎಲೆ ಹಾಕದಿದ್ದರೂ ಸರಿಯೇ. ಅಂದು ಎಲ್ಲರೂ ಊಟಕ್ಕೆ ಕೂರುವ ಮೊದಲು, ಆಸ್ಪತ್ರೆಯಲ್ಲಿ ನನ್ನ ಮಾತು ಕೇಳಿದವರೆಲ್ಲರ ಮುಂದೆ ನಿಂತು ಇಷ್ಟು ಹೇಳುತ್ತೇನೆ:

"ಅವ್ವ ಮೊದ್ಲು ಬಿದ್ದಿದ್ದು ನಮ್ಮನ್ಯಾಗ. ನಾ ನೋಡೀನಿ."