ಯಾವ ಆಯ್ತು?

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಬೀಗದಕ್ಕ ಅಂತಲೇ ಕರೆಯೋದು. ಕೈಯಲ್ಲಿ ಬೀಗವಿಲ್ಲ, ಸೊಂಟದಲ್ಲಿ ಕೀಲಿಕೈಯೂ ಇಲ್ಲ. ರೋಗಿಗಳ ದಾಖಲೆಯೆಲ್ಲ ಇರುವ ಡೇಟಾಬೇಸನ್ನು ದಿನಾ ಸಂಜೆ ಏಳಕ್ಕೆ ಮುಚ್ಚೋದು ಅವಳ ಕೆಲಸ. ಮುಚ್ಚಿದ ಮೇಲೇ ರಾತ್ರಿಯಿಡೀ ನಡೆಯುವ ಬ್ಯಾಕಪ್ ಶುರು. ಅಲ್ಲಿಂದ ಬೆಳಗಿನವರೆಗೂ ವಾರ್ಡಿನವರು ಮುಚ್ಚುವ ಹೊತ್ತಿಗೆ ತೆಗೆದ ಪ್ರಿಂಟ್ ನೋಡಿಕೊಂಡೇ ಔಷಧಿ ಕೊಡಬೇಕು.

ಹನ್ನೆರಡು ವರ್ಷವಾದರೂ ಮುಚ್ಚುವಾಗ ಅವಳ ಎದೆ ಡವಡವ ಅನ್ನೋದು ತಪ್ಪಿರಲಿಲ್ಲ. ಯಾರಾದರೂ ಬರೆಯುತ್ತಿರುವಾಗ ಮುಚ್ಚಿದರೆ, ಅರ್ಧ ಬರೆದದ್ದು ಅಳಿಸಿಹೋಗುತ್ತದೆ. ಅದಕ್ಕೇ ಒಬ್ಬೊಬ್ಬರಿಗೂ ಫೋನು ಮಾಡಿ ಹೊರಗೆ ಕಳಿಸುತ್ತಿದ್ದಳು. "ಮನೇಲೂ ಗ್ಯಾಸ್ ಆಫ್ ಮಾಡಿದ್ರಾ ಅಂತ ಮೂರು ಸಲ ಕೇಳ್ತಾಳೆ," ಅಂತ ಗಂಡ ಆಡಿಕೊಳ್ಳುತ್ತಿದ್ದ. ಆಡಿಕೊಳ್ಳಲಿ ಬಿಡಿ, ಅವನಿಗೇನು ಗೊತ್ತು ಇವಳ ಸಂಕಟ.

ಆ ಸಂಜೆ ಕಂಪ್ಯೂಟರ್ ಪರದೆಯ ಮೇಲೆ ಒಂದೇ ಹೆಸರು ಉಳಿದಿತ್ತು, ರಸ್ತೆಯಾಚೆಯ ಕಟ್ಟಡದಲ್ಲಿದ್ದ ಡಾಕ್ಟರದ್ದು.

"ಡಾಕ್ಟ್ರೇ, ಬರೆಯೋದು ಮುಗಿಸಿ, ಮುಚ್ಚಬೇಕು."

"ಆಯ್ತಕ್ಕ."

ಹೆಸರು ಮಾತ್ರ ಹೋಗಲಿಲ್ಲ. ಕೆಲಸ ಮುಗಿಸಿ ಹೊರಬರೋದು ಮರೆಯೋದು ಈ ಮಹಾರಾಯರ ಹಳೇ ಚಾಳಿ. ಹೇಗೂ ಆಯ್ತು ಅಂದರಲ್ಲ ಅಂತ ಬಲವಂತವಾಗಿ ಮುಚ್ಚಿಬಿಟ್ಟಳು. ಎರಡೇ ನಿಮಿಷಕ್ಕೆ ಫೋನು.

"ಅಕ್ಕ, ಎಂಥ ಕೆಲಸ ಮಾಡಿದ್ರಿ. ಹದಿನಾಲ್ಕನೇ ಬೆಡ್ಡಿನವರಿಗೆ ಏಳು ಗಂಟೆ ಇಂಜೆಕ್ಷನ್ ಕೊಡಬಾರದು ಅಂತ ಬರೀತಿದ್ದೆ. ಮೈಗೆ ಆಗಲ್ಲ, ಜೀವಕ್ಕೇ ಅಪಾಯ. ವಾರ್ಡಲ್ಲಿ ಯಾರೂ ಫೋನ್ ಎತ್ತುತ್ತಿಲ್ಲ."

"ನೀವೇ ಆಯ್ತು ಅಂದ್ರಲ್ಲ?"

"ಆಯ್ತು, ಮುಗಿಸ್ತೀನಿ ಅಂದೆ."

ಅವಳು ತಲೆಯೆತ್ತಿ ನೋಡಿದಳು. ಗೋಡೆ ಗಡಿಯಾರದಲ್ಲಿ ಏಳು ದಾಟಿ ನಾಲ್ಕು ನಿಮಿಷ. ಚಪ್ಪಲಿ ಅಲ್ಲೇ ಬಿಟ್ಟು ಎರಡು ಮಹಡಿ ಇಳಿದು ವಾರ್ಡಿಗೆ ಓಡಿದಳು. ನನ್ನ ಕೈಯಾರೆ ಒಬ್ಬರನ್ನ ಕೊಂದೆನಲ್ಲ, ಇನ್ನು ಯಾವ ಮುಖ ಹೊತ್ತು ಮನೆಗೆ ಹೋಗಲಿ ಅಂತ ಮೆಟ್ಟಿಲುದ್ದಕ್ಕೂ ಅದೇ ಯೋಚನೆ.

ಹದಿನಾಲ್ಕನೇ ಬೆಡ್ಡಿಗೆ ಪರದೆ ಎಳೆದಿತ್ತು. ಅದರ ಕೆಳಗೆ ನರ್ಸಮ್ಮನ ಬಿಳಿ ಬೂಟು ಕಾಣುತ್ತಿತ್ತು.

"ಸಿಸ್ಟರ್, ಇಂಜೆಕ್ಷನ್ ಕೊಡಬೇಡಿ," ಬಾಗಿಲಿಂದಲೇ ಕೂಗಿದಳು.

"ಆಯ್ತು," ಅಂತು ಒಳಗಿನ ದನಿ.

ಬೀಗದಕ್ಕ ಬೆಡ್ಡಿನ ಹತ್ತಿರ ಓಡಿದಳು. "ಯಾವ ಆಯ್ತು ಸಿಸ್ಟರ್? ಯಾವ ಆಯ್ತು?" ಅನ್ನುತ್ತ ಪರದೆ ಸರಿಸಿದಳು.

ನರ್ಸಮ್ಮನ ಕೈಯಲ್ಲಿ ಸಿರಿಂಜು ತುಂಬಿಯೇ ಇತ್ತು. ಬೆಡ್ಡಿನ ಮೇಲೆ ಮುದುಕರೊಬ್ಬರು ತೋಳು ಚಾಚಿ, ಚುಚ್ಚುವ ಭಯಕ್ಕೆ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದರು.

"ಆಯ್ತೇನಮ್ಮಾ?" ಅಂದರು.

"ಇಲ್ಲ ತಾತ, ಆಗಿಲ್ಲ," ಅಂದಳು ಬೀಗದಕ್ಕ, ಮಂಚದ ಕಂಬಿ ಹಿಡಿದು ನೆಲಕ್ಕೆ ಕೂರುತ್ತ. "ಇನ್ನೂ ಆಗಿಲ್ಲ."