ಪಿರಮಿಡ್ಡಿನ ಮೇಲೆ ಪಟ್ಟದ ಗೊಂಬೆ

ಮಕ್ಕಳೇ, ನಮ್ಮ ರಾಜ ಗೊಂಬೆಯ ಬೆನ್ನಿನ ಮೇಲೆ ಅಂಟಿನ ಕಲೆ ಯಾಕಿದೆ ಎಂದು ಪ್ರತಿ ದಸರೆಗೂ ಈ ಅಜ್ಜಿಯನ್ನು ಕೇಳುತ್ತೀರಿ. ಅದು ನೀವು ಹುಟ್ಟುವ ಮೊದಲಿನ ಮಾತು.

ಆಗ ಓಲ್ಡ್ ಬ್ರಿಡ್ಜ್ ಎಂಬ ಊರಿನ ಮನೆಯಲ್ಲಿದ್ದೆವು. ನ್ಯೂಯಾರ್ಕಿನಲ್ಲಿ ಬ್ಯಾಂಕುಗಳು ಮುಳುಗುತ್ತಿದ್ದ ಕಾಲ. ನಿಮ್ಮ ಅಪ್ಪ ಒಂದು ಮಧ್ಯಾಹ್ನ ಆಫೀಸಿನಿಂದ ರಟ್ಟಿನ ಪೆಟ್ಟಿಗೆಗಳನ್ನು ಹೊತ್ತು ಬಂದರು. ಮರುದಿನ ಹೋಗಲಿಲ್ಲ. ಆ ವರ್ಷ ಗೊಂಬೆ ಕೂರಿಸಲು ಯಾರಿಗೂ ಮನಸ್ಸಿರಲಿಲ್ಲ. ನಿಮ್ಮ ಅಮ್ಮ ಮೆಟ್ಟಿಲು ಕಟ್ಟದೆ, ಪಟ್ಟದ ಗೊಂಬೆಗಳಾದ ರಾಜ ರಾಣಿಯನ್ನಷ್ಟೇ ಟಿವಿಯ ಪಕ್ಕ ನಿಲ್ಲಿಸಿದ್ದಳು.

ಪೆಟ್ಟಿಗೆಗಳು ನಿಮ್ಮ ಅಕ್ಕನ ಪಾಲಾದವು. ಸ್ಕೂಲಿನಲ್ಲಿ ಅವಳಿಗೆ ಮಾಯಾ ಜನರ ಪಾಠ. ಬಿಳಿಯರು ಹಡಗಿನಲ್ಲಿ ಬರುವ ಎಷ್ಟೋ ಕಾಲ ಮೊದಲೇ ಈ ಖಂಡದ ಕಾಡಿನಲ್ಲಿ ಕಲ್ಲಿನ ಪಟ್ಟಣ ಕಟ್ಟಿದವರು, ಮುಸುಕಿನ ಜೋಳ ತಿಂದು ನಕ್ಷತ್ರಗಳ ಲೆಕ್ಕ ಇಟ್ಟವರು. ಅವಳು ರಟ್ಟಿನಲ್ಲಿ ಅವರ ಪಿರಮಿಡ್ ಮಾಡಿದಳು. ಒಂಬತ್ತು ಹಂತ, ಬೂದು ಬಣ್ಣ. ಸೋಮವಾರ ಒಪ್ಪಿಸದಿದ್ದರೆ ಸೊನ್ನೆ. ಸೊನ್ನೆಯೂ ಆ ಜನಕ್ಕೆ ಗೊತ್ತಿತ್ತಂತೆ.

ಭಾನುವಾರ ಅದನ್ನು ನಡುಮನೆಯಲ್ಲಿ ಒಣಗಲು ಬಿಟ್ಟು, ಅಮ್ಮನ ಜೊತೆ ಡ್ಯಾನ್ಸ್ ಕ್ಲಾಸಿಗೆ ಹೋದಳು. ಅಷ್ಟರಲ್ಲಿ ಹತ್ತಿರದ ಪಿಸ್ಕಾಟವೇ ಊರಿನ ಆಂಟಿ ಅರಿಶಿನ ಕುಂಕುಮಕ್ಕೆ ಬಂದರು. ನಾನು ಅವರನ್ನು ಕೂರಿಸಿ, ಕಡಲೆಕಾಳು ಉಸಲಿಗೆ ಒಗ್ಗರಣೆ ಹಾಕಲು ಒಳಗೆ ಹೋದೆ. ಕರ್ಪೂರದ ವಾಸನೆ ಬಂತು. ಹಿಂದೆಯೇ ಹೊಗೆಯ ಅಲಾರಂ ಕಿರುಚಿತು.

ಓಡಿಬಂದೆ. ಪಿರಮಿಡ್ಡಿನ ತುದಿಯಲ್ಲಿ ರಾಜ ರಾಣಿ.

"ಇಷ್ಟು ಚೆಂದದ ಮೆಟ್ಲು ಖಾಲಿ ಬಿಟ್ಟು, ಪಟ್ಟದ ಗೊಂಬೆನ ಟಿವಿ ಪಕ್ಕ ನಿಲ್ಸಿದೀರಲ್ಲಮ್ಮಾ! ನಾನೇ ಕೂರ್ಸಿ ಆರತಿ ಎತ್ಬಿಟ್ಟೆ."

"ಅದು ಸ್ಕೂಲಿಂದು..." ಎಂದೆ. ಆ ಅಲಾರಂ ಸದ್ದಿನಲ್ಲಿ ನನ್ನ ದನಿ ಯಾರಿಗೆ ಕೇಳಬೇಕು?

ಅಕ್ಕ ಬಂದವಳೇ ಕೂಗಿದಳು. "ಅಜ್ಜಿ, ದಟ್ಸ್ ಮೈ ಪ್ರಾಜೆಕ್ಟ್!"

"ಪ್ರಾಜೆಕ್ಟ್ ಎಲ್ಲಿಗೂ ಓಡೋಗಲ್ಲ ಪುಟ್ಟಿ," ಎಂದರು ಆಂಟಿ. "ಆರತಿ ಆಗಿದೆ. ದಶಮಿ ದಿನ ಮಲಗ್ಸೋವರ್ಗೂ ಅವ್ರನ್ನ ಕೆಳಗಿಳಿಸೋ ಹಾಗಿಲ್ಲ. ಗುರುವಾರ ಆದ್ಮೇಲೆ ತಗೊಂಡ್ಹೋಗು."

"ಬಟ್ ಇಟ್ಸ್ ಡ್ಯೂ ಟುಮಾರೋ!" ಅವಳು ಅಳತೊಡಗಿದಳು.

ವಾರದಿಂದ ಸೋಫಾದಲ್ಲೇ ಕೂತಿದ್ದ ನಿಮ್ಮ ಅಪ್ಪ ಎದ್ದರು. "ಇಳಿಸ್ಬಾರ್ದು ಅಷ್ಟೇ ತಾನೆ? ಅರಮನೆ ಸಮೇತ ಹೋಗ್ಲಿ. ಅತ್ತೆ, ನೀವು ಹಿಡ್ಕೊಂಡು ಕೂತ್ಕೊಳ್ಳಿ. ನಾನು ಡ್ರೈವ್ ಮಾಡ್ತೀನಿ. ನನಗೇನು ಆಫೀಸಿದ್ಯಾ?"

ಬೆಳಿಗ್ಗೆ ಹಿಂದಿನ ಸೀಟಿನಲ್ಲಿ ಪಿರಮಿಡ್ಡನ್ನು ತಬ್ಬಿಕೊಂಡು ಕೂತೆ. ಕಾರು ಅಂಬಾರಿ ಆನೆಗಿಂತ ನಿಧಾನ. ಹಿಂದಿನವರೆಲ್ಲ ಹಾರನ್ ಹೊಡೆದರು. "ವಾದ್ಯ ಬೇಕಲ್ವಾ ಅತ್ತೆ?" ಎಂದರು ನಿಮ್ಮ ಅಪ್ಪ.

ಕ್ಲಾಸಿನಲ್ಲಿ ಒಬ್ಬ ಹುಡುಗ ತುದಿಯಲ್ಲಿ ಚೆಲ್ಲಿದ್ದ ಕುಂಕುಮ ಮುಟ್ಟಿ ಕೇಳಿದ: "ಈಸ್ ದಟ್ ಬ್ಲಡ್?"

ಅಕ್ಕ ನನ್ನನ್ನು ನೋಡಿದಳು. ನಾನು ಸೆರಗು ಸರಿಮಾಡಿಕೊಂಡೆ.

"ಯೆಸ್," ಎಂದಳು ಅವಳು.

ಮಾಯಾ ಜನ ಪಿರಮಿಡ್ಡಿನ ತುದಿಯಲ್ಲಿ ಕೊಡುತ್ತಿದ್ದ ನರಬಲಿಯನ್ನು ಇಷ್ಟು ಚೆನ್ನಾಗಿ ಯಾರೂ ತೋರಿಸಿರಲಿಲ್ಲವಂತೆ. ಟೀಚರ್ 'ಎ' ಗ್ರೇಡ್ ಕೊಟ್ಟು, ಪಿರಮಿಡ್ಡನ್ನು ಶುಕ್ರವಾರದವರೆಗೆ ಲೈಬ್ರರಿಯಲ್ಲಿ ಇರಿಸಿಕೊಂಡರು. ಗುರುವಾರ, ನಾನು ಹೇಳಿಕೊಟ್ಟಂತೆ ಅಕ್ಕ ಅಲ್ಲಿಗೆ ಹೋಗಿ ರಾಜನನ್ನು ಮಗ್ಗುಲಿಗೆ ಮಲಗಿಸಿದಳು. ರಾಣಿಗೆ ಕೈ ಹಾಕುವಷ್ಟರಲ್ಲಿ ಬೆಲ್ ಹೊಡೆಯಿತು.

ಶುಕ್ರವಾರ ಇಬ್ಬರೂ ಮನೆಗೆ ಬಂದರು. ಲೈಬ್ರರಿಗೆ ಬಂದ ಯಾವ ಮಕ್ಕಳ ಕೆಲಸವೋ, ರಾಜನ ಬೆನ್ನಿಗೆ ಇಂಗ್ಲಿಷಿನಲ್ಲಿ 'ಬಲಿಯಾದ ರಾಜ' ಎಂದು ಬರೆದ ಚೀಟಿ ಅಂಟಿಸಿದ್ದರು. ನಿಮ್ಮ ಅಮ್ಮ ಕಿತ್ತಳು, ಅಂಟು ಮಾತ್ರ ಹೋಗಲಿಲ್ಲ. ರಾಣಿ ಇನ್ನೂ ನಿಂತೇ ಇದ್ದಳು. ಅವಳ ಕಾಲ ಬಳಿಯ ಚೀಟಿಯಲ್ಲಿ 'ನೆಕ್ಸ್ಟ್' ಎಂದಿತ್ತು.