ಪಂಪು ನಿಲ್ಲಿಸಿ ತೆಗೆದ ಫೋಟೋ

ಕಪಾಟು ಒರೆಸುವಾಗ ಹಳೆಯ ಕ್ಯಾಮೆರಾ ಚೀಲ ಕೈಗೆ ಸಿಕ್ಕಿತು. ಲೆನ್ಸಿನ ರಬ್ಬರ್ ಅಂಚಿನಲ್ಲಿ ಉಪ್ಪು ಬಿಳಿಯಾಗಿ ಕಟ್ಟಿಕೊಂಡಿತ್ತು. ನೋಯ್ಡಾದಲ್ಲಿ ಕಡಲಿನ ಉಪ್ಪು ಎಲ್ಲಿಂದ ಬರಬೇಕು? ಎದುರು ಮನೆ ಅಂಕಲ್ ಅವರ ಅಕ್ವೇರಿಯಂನಿಂದಲೇ. ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ...

ಅಂಕಲ್ ಕಾರವಾರದವರು. ರಾಜಧಾನಿಯ ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿದ್ದು ಸರ್ವೀಸು ಮುಗಿಸಿ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಗೆ ಬಂದಿದ್ದರು. ಕಡಲು ಬಿಟ್ಟು ಬಂದ ಸಿಟ್ಟಿಗೋ ಏನೋ, ನಡುಮನೆಯ ಅರ್ಧ ಗೋಡೆಗೆ ಉಪ್ಪುನೀರಿನ ಗಾಜಿನ ತೊಟ್ಟಿ ಇಟ್ಟು ಹವಳ, ಸಿಗಡಿ, ಏಡಿ ಸಾಕಿದ್ದರು. ಆದರೆ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ನೋಟದ ನಡುವೆಲ್ಲ ಮಂಜು, ಅಂಚಿನಲ್ಲಷ್ಟೇ ಒಂದಿಷ್ಟು ಕಾಣುತ್ತಿತ್ತು. ಅದೂ ಹೆಚ್ಚು ದಿನ ಉಳಿಯದೆಂದು ಡಾಕ್ಟರು ಹೇಳಿಯಾಗಿತ್ತು. ತೊಟ್ಟಿ ಅವರಿಗೆ ಬರೀ ನೀಲಿ ಬೆಳಕು. ಅದಕ್ಕೇ ನಾನು ಬೆಳಿಗ್ಗೆ ಹೋಗಿ ತೀರಾ ಹತ್ತಿರದಿಂದ ಫೋಟೋ ತೆಗೆದು, ಸಂಜೆ ಅವರ ಟಿವಿಯಲ್ಲಿ ದೊಡ್ಡದು ಮಾಡಿ ತೋರಿಸುತ್ತಿದ್ದೆ. ಪರದೆಗೆ ಮೂಗು ತಾಗುವಷ್ಟು ಹತ್ತಿರ ಕುರ್ಚಿ ಎಳೆದುಕೊಂಡು, ಕತ್ತು ಓರೆ ಮಾಡಿ ನೋಡುತ್ತಿದ್ದರು.

"ಮೊದ್ಲು ನಮ್ಮ ಹಿರಿಯವಳನ್ನ ತೋರ್ಸು ಮಾರಾಯ್ತಿ" ಎನ್ನುತ್ತಿದ್ದರು. ಹಿರಿಯವಳೆಂದರೆ ಅಂಗೈ ಅಗಲದ ಹಸಿರು ಹವಳ.

ಇಂಥ ಫೋಟೋಗೆ ನೀರು ಅಲುಗಾಡಬಾರದು. ಪಂಪು ನಿಲ್ಲಿಸಬೇಕು, ಐದೇ ನಿಮಿಷದಲ್ಲಿ ಮತ್ತೆ ಹಾಕಬೇಕು. ಪಂಪು ನಿಂತರೆ ನೀರು ತಂಪಾಗಿಡುವ ಯಂತ್ರವೂ ನಿಲ್ಲುತ್ತದೆ. ಮೇ ತಿಂಗಳ ಒಂದು ಬೆಳಿಗ್ಗೆ ಬೀಗದ ಕೈ ನನಗೆ ಕೊಟ್ಟು, ಅವರು ಮಗಳ ಜೊತೆ ಕಣ್ಣಿನ ಆಸ್ಪತ್ರೆಗೆ ಹೋಗಿದ್ದರು. ಪಂಪು ನಿಲ್ಲಿಸಿದೆ. ಹಿರಿಯವಳು ಅಂದು ಅರಳಿದ ಹಾಗೆ ಎಂದೂ ಅರಳಿರಲಿಲ್ಲ. ಫೋಟೋ ತೆಗೆಯುವಷ್ಟರಲ್ಲಿ ಆಫೀಸಿನ ಕ್ಯಾಬ್ ಓಡಿಸುವ ಭಯ್ಯಾ ಕೆಳಗಿನಿಂದ ಫೋನ್ ಮೇಲೆ ಫೋನ್. ಹಾಗೇ ಓಡಿದೆ.

ಮಧ್ಯಾಹ್ನ ಮೂರಕ್ಕೆ ಮೀಟಿಂಗಿನ ನಡುವೆ ಪಂಪು ನೆನಪಾಯಿತು. ಆಟೋದವನಿಗೆ ಕೈಮುಗಿದು ಬೇಡಿಕೊಂಡು ಬಂದೆ. ಅವರಿನ್ನೂ ಮರಳಿರಲಿಲ್ಲ, ಮುಚ್ಚಿದ ಮನೆ ಕಾದ ಕಾವಲಿಯಾಗಿತ್ತು. ಪಂಪು ಹಾಕಿದೆ. ಸಿಗಡಿ, ಏಡಿ ಹೇಗೋ ಜೀವ ಹಿಡಿದುಕೊಂಡಿದ್ದವು. ಹಿರಿಯವಳ ಮೈ ಮಾತ್ರ ಲೋಳೆಯಾಗಿ ಕಳಚುತ್ತಿತ್ತು. ಎರಡು ದಿನದಲ್ಲಿ ಬಿಳಿ ಎಲುಬಷ್ಟೇ ಉಳಿಯಿತು.

ಹೇಳಲು ಬಾಯಿ ಬರಲಿಲ್ಲ. ಅದೇ ಬೆಳಗಿನ ಫೋಟೋ ಮುಂದಿಟ್ಟು, ಹಿಂದೆ ತೆಗೆದಿದ್ದ ಹಳೆಯವನ್ನು ಸೇರಿಸಿ, ಇವತ್ತಿನವೇ ಎಂದು ತೋರಿಸಿದೆ. ಮರುದಿನವೂ ತೋರಿಸಿದೆ. ಎಲ್ಲಿ ಆ ಎಲುಬು ಚೌಕಟ್ಟಿನೊಳಗೆ ಬಂದುಬಿಡುತ್ತದೋ ಎಂದು ಕ್ಯಾಮೆರಾ ಎತ್ತುವ ಧೈರ್ಯವೇ ಆಗಲಿಲ್ಲ. ಇಪ್ಪತ್ತು ಸಂಜೆ ಹಾಗೇ ನಡೆಯಿತು. ಸುಳ್ಳು ಹೇಳುವುದು ಇಷ್ಟು ಸುಲಭವೇ ಎಂದು ನನಗೇ ಹೇಸಿಗೆಯಾಗುತ್ತಿತ್ತು.

ಇಪ್ಪತ್ತನೆಯ ಸಂಜೆ ಅವರು ಪರದೆಯ ಮೂಲೆಗೆ ಬೆರಳಿಟ್ಟರು. "ದಿನಾ ಅದೇ ಹಳದಿ ದುಪಟ್ಟಾ ಹಾಕ್ಕೊಂಡು ಬರ್ತೀಯೇನೆ?"

ಆ ಬೆಳಗಿನ ಫೋಟೋದಲ್ಲಿ ತೊಟ್ಟಿಯ ಗಾಜಿನ ಮೇಲೆ ನನ್ನ ಪ್ರತಿಬಿಂಬ ಬಿದ್ದಿತ್ತು. ಅಂಚಿನಲ್ಲಿ ಕಾಣುವ ಕಣ್ಣು ಅದನ್ನೇ ಹಿಡಿದಿತ್ತು. ಅಳುತ್ತಾ ಎಲ್ಲ ಹೇಳಿದೆ. "ಆಗಿದ್ದು ಆಯ್ತು ಬಿಡು. ಈಗ ಹ್ಯಾಗಿದ್ದಾಳೋ ಹಾಗೇ ಒಂದು ತೆಗಿ. ನೋಡ್ತೇನೆ" ಎಂದರು.

ನಾಳೆ ಎಂದೆ. ಮುಖ ತೋರಿಸಲಾಗದೆ ಒಂದು ವಾರ ಆಫೀಸಿನ ನೆಪ ಹೇಳಿದೆ. ಕೊನೆಗೊಂದು ಭಾನುವಾರ ಹೋಗಿ ಪಂಪು ನಿಲ್ಲಿಸಿ, ಬಿಳಿ ಎಲುಬನ್ನೂ ಅದರ ಮೇಲೆ ಹತ್ತಿ ಕುಳಿತ ಏಡಿಯನ್ನೂ ತೆಗೆದೆ. ಪಂಪು ಹಾಕಿದ್ದನ್ನು ಎರಡು ಸಲ ಮುಟ್ಟಿ ನೋಡಿದೆ. ಟಿವಿಗೆ ಹಾಕಿದೆ. ಅವರು ಕುರ್ಚಿ ಎಳೆದುಕೊಂಡು, ಕತ್ತು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಓರೆ ಮಾಡಿದರು.

"ಹಾಕಿದ್ಯಾ?" ಎಂದರು.

ಫೋಟೋ ಆಗಲೇ ಪರದೆ ತುಂಬ ಇತ್ತು...

ಅಂಕಲ್ ಕಳೆದ ಚಳಿಗಾಲದಲ್ಲಿ ಘಾಜಿಯಾಬಾದಿನ ಮಗಳ ಮನೆಯಲ್ಲಿ ತೀರಿಕೊಂಡರು. ಎದುರು ಮನೆಯಲ್ಲೀಗ ಬೇರೆಯವರಿದ್ದಾರೆ. ಹವಳ ಸಾಯಿಸಿದ್ದನ್ನು ಅಂಕಲ್ ಕ್ಷಮಿಸಿದ್ದರು. ಆದರೆ ಕಣ್ಣು ಕಾಣುತ್ತಿದ್ದ ಕೊನೆಯ ಇಪ್ಪತ್ತು ಸಂಜೆ, ತೊಟ್ಟಿಯಲ್ಲಿ ಸಿಗಡಿ ಆಡುತ್ತಿದ್ದಾಗ, ಅವರು ನನ್ನ ಸುಳ್ಳನ್ನೇ ನೋಡುತ್ತಾ ಕುಳಿತಿದ್ದರು. ಅದಕ್ಕೆ ನಾನು ಕ್ಷಮೆ ಕೇಳಲೇ ಇಲ್ಲ.